ಕೂಕುಳಿನ ಗೊನೆ

ಕಳೆದ ವರ್ಷ ಕಾವೇರಿ ಸಂಕ್ರಮಣ ಮುಗಿದ ವಾರದಲ್ಲಿ ನಾನು ಗಾಳಿಮೊಟ್ಟೆಗೆ ಜೀಪಿನಲ್ಲಿ ಹೋದೆ. ಮೊಟ್ಟೆಯೆಂದರೆ ನಮ್ಮ ಕಡೆ ಬೋಳು ನೆತ್ತಿಯ ಗುಡ್ಡ. ಪಶ್ಚಿಮ ಕೊಡಗಿನ ಕೊನೆಯ ಬೆಟ್ಟಸಾಲಿನ ಏಣಿನ ಮೇಲೆ, ಅದರಾಚೆಗೆ ನೆಲವೇ ಇಲ್ಲವೆಂಬಂತೆ ನಿಂತಿರುವ ಆ ಗುಡ್ಡದ ಬುಡದಲ್ಲಿ ನಾನು ಹುಟ್ಟಿದ್ದು. ಅರ್ಧ ದಾರಿಗೆ ಮಂಜು ಕವಿಯಿತು. ಚಾಲಕ ಪ್ರತಿ ತಿರುವಿನಲ್ಲೂ ಹಾರನ್ ಒತ್ತತೊಡಗಿದ. ಸ್ವಲ್ಪ ಹೊತ್ತಿಗೆ ಮೇಲೆಲ್ಲೋ ಕಾಣದ ಇನ್ನೊಂದು ಜೀಪು ಉತ್ತರ ಕೊಟ್ಟಿತು.

"ಹೆದರ್ಬೇಡಿ ಸಾರ್, ಮೇಲಿನವ ಕೇಳಿಸ್ಕೊಂಡ" ಎಂದ ಚಾಲಕ.

ನನಗೆ ಹೆದರಿಕೆಯಾಗಿರಲಿಲ್ಲ, ನಾಚಿಕೆಯಾಗಿತ್ತು. ಕಿವಿಯ ತುದಿ ಬಿಸಿಯಾಗಿತ್ತು. ಮಂಜಿನಲ್ಲಿ ಒಂದು ಸದ್ದಿಗೆ ಇನ್ನೊಂದು ಸದ್ದು ಓಗೊಟ್ಟರೆ ಹೀಗಾಗುವುದು ಆ ಒಂದು ವರ್ಷದಿಂದ ನನಗಂಟಿಕೊಂಡ ರೋಗ.

ಆ ವರ್ಷ ಯಾವುದೆಂದು ಮೊದಲು ಗೊತ್ತುಮಾಡಬೇಕು. ನಮ್ಮ ಮನೆಯಲ್ಲಿ ಅದಕ್ಕೆ 'ಬೂಟಿನ ವರ್ಷ' ಎಂಬ ಹೆಸರು. ಅದು ೧೯೩೯ ಎಂಬುದು ನನ್ನ ನಿರ್ಣಯ. ಮರುವರ್ಷವೆಂಬುದು ನನ್ನ ತಂಗಿ ಪೂವಿಯ ಹಟ. ಅಪ್ಪನಿಗೆ ಬೂಟು ಸಿಕ್ಕಿದ್ದು ಕೈಲ್‌ಮುಹೂರ್ತದ ಹಬ್ಬಕ್ಕೆ, ಮತ್ತು ಹಬ್ಬದ ಕೋವಿಗಳಿಗೆ ಇಟ್ಟ ಹೂ ಬಾಡುವ ಮೊದಲೇ ಯುರೋಪಿನಲ್ಲಿ ಯುದ್ಧ ಶುರುವಾದ ಸುದ್ದಿ ನಮ್ಮ ಏಣಿಗೆ ಬಂದಿತ್ತು ಎಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ಬೂಟು ಕೊಟ್ಟ ಎಸ್ಟೇಟಿನ ಬಿಳಿಯ ದೊರೆ ಮುಂದಿನ ಮಳೆಗಾಲದ ಮೊದಲೇ ಸೈನ್ಯ ಸೇರಿ ಹೋದ. ಪೂವಿ ತನ್ನ ಮದುವೆಯಿಂದ ಹಿಂದಕ್ಕೆ ಎಣಿಸುತ್ತಾಳೆ. ಮದುವೆ ನಡೆದದ್ದು ಮರುವರ್ಷದ ಬೇಸಿಗೆಯಲ್ಲಿ. ಆದ್ದರಿಂದ ಅವಳ ನೆನಪೂ ಸುಳ್ಳಲ್ಲ, ನನ್ನ ಲೆಕ್ಕವೂ ಸುಳ್ಳಲ್ಲ. ಅವಳು ನೆನಪಿಟ್ಟುಕೊಂಡದ್ದು ಮದುವೆಯ ವರ್ಷ, ನಾನು ಮರೆಯಲಾಗದೆ ಉಳಿದದ್ದು ಅದರ ಹಿಂದಿನದು.

ಅಪ್ಪನ ಹೆಸರು ಬೆಳ್ಯಪ್ಪ. ಕೊಲ್ಲಿಯೆಂದರೆ ನಮ್ಮ ಕಡೆ ತೊರೆ ಹರಿಯುವ ಕಣಿವೆ; ಅದರ ಬದಿಯಲ್ಲಿ ನಮಗೆ ಗದ್ದೆಯಿತ್ತು, ಮನೆಯ ಹಿಂದೆ ಒಂದಿಷ್ಟು ಕಾಫಿ, ಕಾಡಿನಂಚಿನಲ್ಲಿ ಏಲಕ್ಕಿ. ಆದರೆ ಅಪ್ಪನನ್ನು ನಾಡು ಗುರುತಿಸುತ್ತಿದ್ದದ್ದು ಗದ್ದೆಯಿಂದಲ್ಲ, ಕಾಲಿನಿಂದ. ಮಳೆ ಹಿಂದೆಗೆದ ಮೇಲೆ ಎಸ್ಟೇಟಿನ ದೊರೆಗಳು ಗುಡ್ಡ ಹತ್ತುವ ಹುಚ್ಚಿನಲ್ಲಿ ಬರುತ್ತಿದ್ದರು. ಬೇಟೆಗಲ್ಲ, ಹರಕೆಗಲ್ಲ, ಸುಮ್ಮನೆ ಹತ್ತಿ ಇಳಿಯಲು. ಅಂಥವರ ಮುಂದೆ ಬರಿಗಾಲಿನಲ್ಲಿ, ಕೈಯಲ್ಲೊಂದು ಕತ್ತಿ ಹಿಡಿದು, ಹಿಂದಿರುಗಿ ನೋಡದೆ ನಡೆಯುತ್ತಿದ್ದವನು ಅಪ್ಪ. "ದೊರೆಗಳೇ ನನ್ನ ಬೆನ್ನ್ ನೋಡ್ಕಂಡ್ ಬರುವವು" ಎಂಬುದು ಅವನ ಮಾತು. ಮೊಳೆ ಹೊಡೆದ ಬೂಟನ್ನು ಆ ದೊರೆ ಕೊಟ್ಟದ್ದು ಹಲವು ವರ್ಷ ಆ ಬೆನ್ನು ನೋಡಿದ ಸಂತೋಷಕ್ಕೆ. ಅಪ್ಪ ಅದನ್ನು ಹಬ್ಬದ ದಿನ ಕೋವಿಯ ಪಕ್ಕದಲ್ಲಿಟ್ಟು ಅದಕ್ಕೂ ಹೂ ಏರಿಸಿದ. ಆಮೇಲೆ ಅಂಗಳದ ಕಲ್ಲುಹಾಸಿನ ಮೇಲೆ ಟಕ್ ಟಕ್ ಎಂದು ನಡೆದು ಅಭ್ಯಾಸ ಮಾಡಿದ. ಕೋಳಿಗಳು ಓಡಿಹೋದವು.

ಇನ್ನು ಕೂಕುಳಿನ ವಿಷಯ. ಇದು ಇಡೀ ಕೊಡಗಿನ ಪದ್ಧತಿಯೆಂದು ಯಾರೂ ತಿಳಿಯಬಾರದು. ಬೇರೆಲ್ಲೂ ಇದ್ದುದಕ್ಕೆ ನನಗೆ ಆಧಾರ ಸಿಕ್ಕಿಲ್ಲ. ನಮ್ಮ ಏಣಿನ ಮೇಲೆ ಚದುರಿದ್ದ ಕೆಲವು ಮನೆಗಳ ನಡುವಿನ ಕಟ್ಟಳೆಯಷ್ಟೆ. ಮಂಜಿನಲ್ಲಿ ದಾರಿ ತಪ್ಪಿದವನು ಬಾಯಿಗೆ ಕೈಯಡ್ಡ ಹಿಡಿದು 'ಕೂ' ಎಂದು ನೀಳವಾಗಿ ಕೂಕುಳು ಹಾಕಬೇಕು. ಅದು ಯಾವ ಮನೆಗೆ ಕೇಳಿಸಿತೋ ಆ ಮನೆಯವರು ಕೈಯ ಕೆಲಸ ಬಿಟ್ಟು ಓಗೊಡಬೇಕು; ಅವನು ಅಂಗಳ ಸೇರುವವರೆಗೂ ನಿಲ್ಲಿಸಬಾರದು. ಯಾರೆಂದು ಕೇಳಬಾರದು. ದಾರಿ ತಪ್ಪಿದವನು ಬರುವ ಹುತ್ತರಿ ಸುಗ್ಗಿಹಬ್ಬಕ್ಕೆ ಒಂದು ಬಾಳೆಗೊನೆಯನ್ನು ಹೆಗಲ ಮೇಲೆ ಹೊತ್ತು, ಎಲ್ಲರೂ ಓಡಾಡುವ ದಾರಿಯಲ್ಲೇ ಬಂದು ಆ ಮನೆಗೆ ಒಪ್ಪಿಸಬೇಕು. ಆಗ ಮನೆಯವರು ಅಂಗಳದಲ್ಲಿ ನಿಂತು "ಎಲ್ಲಿ ತಪ್ಪಿತ್?" ಎಂದು ಕೇಳುತ್ತಾರೆ. ಅವನು ಜಾಗದ ಹೆಸರನ್ನು ಎಲ್ಲರಿಗೂ ಕೇಳುವಂತೆ ಹೇಳಬೇಕು, ಇದ್ದದ್ದನ್ನು ಇದ್ದ ಹಾಗೆ. ಯಾವ ಜಾಗ ಮೋಸದ್ದೆಂದು ಊರಿಗೆ ತಿಳಿಯಲೆಂದು ಹಿರಿಯರು ಮಾಡಿದ್ದಿರಬೇಕು. ಕಾಲಾಂತರದಲ್ಲಿ ಅದು ಗೇಲಿಯ ಹಬ್ಬವೂ ಆಗಿತ್ತು.

ಇದಕ್ಕೊಂದು ವಿರುದ್ಧ ಕಟ್ಟಳೆಯೂ ಇತ್ತು. ಮನೆಯವರು ತಾವಾಗಿ ಮೊದಲು ಕೂಕುಳು ಹಾಕಬಾರದು. ಕರೆಯದೆ ಬಂದ ಓಗೊಡುವಿಕೆ ಕುಲೆಯದು, ಎಂದರೆ ಗತಿ ಕಾಣದೆ ಅಲೆಯುವ ಸತ್ತವರದು. ಅದರ ಹಿಂದೆ ಹೋದವನು ಕೊಲ್ಲಿಗೆ ಬೀಳುತ್ತಾನೆಂಬ ನಂಬಿಕೆ.

ನಮ್ಮ ಪಕ್ಕದ ಮನೆಯ ತಿಮ್ಮಯ್ಯ ಮಾವ ಎರಡು ಸಲ ಗೊನೆ ಹೊತ್ತವನು. "ನನ್ನ ತೋಟದ ಬಾಳೆ ಇರುದೇ ಊರವ್ಕೆ ಹಂಚಿಕೆ" ಎಂದು ತಾನೇ ನಗುತ್ತಿದ್ದ. ಅಪ್ಪ ಒಮ್ಮೆಯೂ ಹೊತ್ತವನಲ್ಲ. ಪ್ರತಿ ಹುತ್ತರಿಗೂ ಗೊನೆ ಹೊತ್ತವರನ್ನು ನೋಡಲು ಅವನು ಜಗಲಿಯ ಮುಂದಿನ ಜಾಗ ಹಿಡಿಯುತ್ತಿದ್ದ.

ಆ ಸಲ ಪೂವಿಗೆ ಘಟ್ಟದ ಕೆಳಗೆ ಸುಳ್ಯದ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಕುಶಾಲಪ್ಪ, ಶಾಲೆಯ ಮಾಸ್ತರ. ಅವನಿಗೆ ತಂದೆಯಿರಲಿಲ್ಲ, ದೊಡ್ಡಪ್ಪ ಸೋಮಯ್ಯನವರೇ ಸಾಕಿದ್ದು. ಇಬ್ಬರೂ ಕಾವೇರಿ ಸಂಕ್ರಮಣ ಮುಗಿಸಿಕೊಂಡು ಹುಡುಗಿ ನೋಡಲು ಬರುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಮಳೆ ನಿಲ್ಲುವುದು ವಾಡಿಕೆ. ಮಂಗಳೂರಿನಲ್ಲಿ ಓದು ಮುಗಿಸಿ, ಮುಂದೇನೆಂದು ತಿಳಿಯದೆ ಮನೆಯಲ್ಲಿದ್ದ ನಾನು ಅಪ್ಪನ ಜೊತೆ ಅವರನ್ನು ಎದುರುಗೊಳ್ಳಲು ಘಟ್ಟದ ತಲೆಗೆ ಹೋದೆ. ಅಪ್ಪ ಬೂಟು ಹಾಕಿದ್ದ.

ಬೆಳಗ್ಗೆ ಆಕಾಶ ತೊಳೆದಿಟ್ಟಂತಿತ್ತು. ಘಟ್ಟದ ತಲೆಯಿಂದ ಕೊಲ್ಲಿಯ ಬದಿಯಲ್ಲಿ ನಡೆದರೆ ಮಧ್ಯಾಹ್ನದ ಊಟಕ್ಕೆ ಮನೆ. ಕಡಲು ಕಾಣುವ ಗುಡ್ಡದ ದಾರಿ ತೋರಿಸಬೇಕೆಂದು ಅಪ್ಪ ಆ ದಾರಿಗೆ ಬೆನ್ನು ತಿರುಗಿಸಿ ನಿಂತ.

"ಕೊಲ್ಲಿದಾರಿ ದನಕ್ಕೆ, ಸೋಮಯ್ಯಣ್ಣ. ನೀವ್ ಮೊಟ್ಟೆ ಮೇಲೆ ಬನ್ನಿ. ಅಲ್ಲಿಂದ ಕಡಲ್ ಕಾಂಬದೆ, ನಿಮ್ಮ ಊರೂ ಕಾಂಬದೆ. ಹೆಣ್ಣ್ ಎಲ್ಲಿಂದ ಎಲ್ಲಿಗೆ ಬಾದೆಂತ ಒಂದೇ ಕಣ್ಣಲ್ಲಿ ನೋಡಿ."

ಸೋಮಯ್ಯನವರು ದಪ್ಪ ಆಳು. ಬಾಯಿ ತುಂಬ ಎಲೆಯಡಿಕೆ. "ನಾ ಬಂದೇನ್, ನನ್ನ ಮೊಣಕಾಲ್ ಬಂದದೆಯಾಂತ ಅದ್ನ ಕೇಳಿ" ಎಂದು ನಕ್ಕು, ಆದರೂ ಹೊರಟರು. ದಾರಿಯುದ್ದಕ್ಕೂ ಅಪ್ಪ ಕೂಕುಳಿನ ಕಟ್ಟಳೆಯನ್ನು ಅವರಿಗೆ ವಿವರಿಸಿದ. ಯಾರು ಯಾವ ವರ್ಷ ಯಾವ ಮನೆಗೆ ಗೊನೆ ಹೊತ್ತರೆಂದು ಹೇಳಿದ. ಕೊನೆಗೆ, "ನನ್ನ ಹೆಗಲ್ ಮಾತ್ರ ಗೊನೆ ಕಂಡದ್ದಿಲ್ಲೆ" ಎಂದ. ಕುಶಾಲಪ್ಪ ನಗದೆ, ಗೌರವದಿಂದ ಕೇಳಿಸಿಕೊಂಡ. ನನಗೆ ಹೆಮ್ಮೆಯೆನಿಸಿತ್ತು. ಇದನ್ನೂ ದಾಖಲಿಸಬೇಕು.

ನೆತ್ತಿಗೆ ಇನ್ನೇನು ಒಂದು ಬಾಣೆ, ಒಂದು ಹುಲ್ಲಿನ ಏರು, ಉಳಿದಿದೆ ಎನ್ನುವಾಗ ಪಡುವಣದಿಂದ ಮಂಜೆದ್ದಿತು. ಮೊದಲು ಕಡಲು ಹೋಯಿತು, ಆಮೇಲೆ ಘಟ್ಟ, ಆಮೇಲೆ ನಮ್ಮ ಮೊಣಕಾಲಿನವರೆಗಿದ್ದ ಹುಲ್ಲು. ನೆತ್ತಿಯ ಮೇಲೆ ನಿಂತು ಅಪ್ಪ ಬಿಳಿಯ ಗೋಡೆಯೊಂದಕ್ಕೆ ಕೈ ತೋರಿಸಿ, "ಅಗಾ, ಅಲ್ಲಿ ಕಡಲ್" ಎಂದ.

ಸೋಮಯ್ಯನವರು ಹಣೆಗೆ ಕೈ ಹಿಡಿದು ನೋಡಿದರು. "ಹೌದೌದ್. ಕಾಂಬದೆ, ಕಾಂಬದೆ" ಎಂದರು.

ಆ ದಿನದ ಸಭ್ಯತೆ ಶುರುವಾದದ್ದು ಅಲ್ಲಿಂದ.

ಇಳಿಯತೊಡಗಿದೆವು. ಅಪ್ಪ ಮುಂದೆ, ಅವನ ಹಿಂದೆ ಸೋಮಯ್ಯನವರು, ಕುಶಾಲಪ್ಪ, ಕೊನೆಗೆ ನಾನು. ಜಿನುಗು ಮಳೆ ಹಿಡಿಯಿತು. ಕಂಬಳಿಕೊಪ್ಪೆಗಳು ನೆನೆದು ಭಾರವಾದವು, ಜಿಗಣೆಗಳು ಕಾಲಿಗೇರಿದವು. ಸ್ವಲ್ಪ ದೂರದಲ್ಲಿ ಒಂದು ಕಲ್ಲು ಸಿಕ್ಕಿತು. ಒಲೆ ಊದಲು ಬಾಗಿದ ಮುದುಕಿಯ ಹಾಗೆ ಒಂದು ಕಡೆಗೆ ವಾಲಿಕೊಂಡಿದ್ದ ಕರಿಯ ಕಲ್ಲು. ಸೋಮಯ್ಯನವರು ಅದರ ಬುಡದಲ್ಲಿ ಎಲೆಯಡಿಕೆ ಉಗುಳಿ, "ಲಾಯಕ್ಕಿನ ಕಲ್ಲ್" ಎಂದು ಹೊಗಳಿದರು. ಮುಂದೆ ನಡೆದೆವು. ಕಾಡುಗಿಡಗಳ ಒಂದು ತಗ್ಗು ದಾಟಿದೆವು, ಒಂದು ಬಾಣೆ ಹತ್ತಿದೆವು, ಇಳಿದೆವು. ಮಂಜಿನೊಳಗಿಂದ ಮುದುಕಿಯೊಬ್ಬಳು ಒಲೆ ಊದುತ್ತ ಎದುರಾದಳು.

ಕಲ್ಲಿನ ಬುಡದಲ್ಲಿ ಕೆಂಪಗೆ ಎಲೆಯಡಿಕೆಯ ಉಗುಳು ಇನ್ನೂ ಹಸಿಯಾಗಿತ್ತು. ನಾನದನ್ನು ನೋಡಿದೆ. ನಾನು ನೋಡಿದ್ದನ್ನು ಕುಶಾಲಪ್ಪ ನೋಡಿದ. ಅಷ್ಟರಲ್ಲಿ ಸೋಮಯ್ಯನವರು, ಅಷ್ಟು ದಪ್ಪ ಮನುಷ್ಯ, ಹಗುರಾಗಿ ಒಂದು ಹೆಜ್ಜೆ ಬದಿಗಿಟ್ಟು ಆ ಕೆಂಪು ಕಲೆಯ ಮುಂದೆ ಕಂಬಳಿ ಹರಡಿ ನಿಂತುಬಿಟ್ಟರು, ಅಪ್ಪನಿಗೆ ಅದು ಕಾಣದ ಹಾಗೆ.

"ಓ, ಇಲ್ಲಿಯೂ ಒಂದ್ ವಾಲಿದ ಕಲ್ಲ್ ಉಟ್ಟಲ್ಲಾ ಬೆಳ್ಯಪ್ಪಣ್ಣ!"

"ಉಟ್ಟು, ಉಟ್ಟು. ಈ ಮೊಟ್ಟೇಲಿ ಕಲ್ಲಿಗೆ ಎಂಥ ಬರ?" ಎಂದ ಅಪ್ಪ.

ನಮ್ಮವರ ನಡವಳಿಕೆ ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಮುಂದೆ ನಡೆಯುವವನನ್ನು ಹಿಂದಿನವನು ತಿದ್ದುವಂತಿಲ್ಲ. ಮಗ ತಂದೆಯನ್ನು ನೆಂಟರೆದುರು ತಿದ್ದುವಂತಿಲ್ಲ. ನೆಂಟರು ಕರೆದೊಯ್ಯುವವನನ್ನು ತಿದ್ದುವಂತಿಲ್ಲ, ಅದರಲ್ಲೂ ಹೆಣ್ಣು ಕೊಡುವವನನ್ನು. ಹೀಗೆ ನಾಲ್ಕು ಜನ, ಒಬ್ಬರನ್ನೊಬ್ಬರು ನೋಯಿಸಬಾರದೆಂಬ ಒಂದೇ ಕಾರಣಕ್ಕೆ, ಮಳೆಯಲ್ಲಿ ಅದೇ ಗುಡ್ಡವನ್ನು ಮತ್ತೊಮ್ಮೆ ಸುತ್ತಲು ಹೊರಟೆವು. ಸೋಮಯ್ಯನವರ ಮೊಣಕಾಲು ಅಷ್ಟರಲ್ಲಿ ಬಾತಿತ್ತು. ಅವರು ಕುಂಟುತ್ತಿದ್ದರು, ಅಪ್ಪ ತಿರುಗಿ ನೋಡಿದಾಗ ಮಾತ್ರ ನೆಟ್ಟಗೆ ನಡೆಯುತ್ತಿದ್ದರು. ತಮ್ಮ ನಡುಕವನ್ನು ಕೆಮ್ಮೆಂದು ತೋರಿಸುತ್ತಿದ್ದರು.

ಮೂರನೆಯ ಸಲ ಆ ಮುದುಕಿ ಎದುರಾದಾಗ ಯಾರೂ ಏನೂ ಹೊಗಳಲಿಲ್ಲ. ಅಪ್ಪ ಬೂಟಿನ ಕಾಲನ್ನು ನೆಲಕ್ಕೆ ಒತ್ತಿ ಒತ್ತಿ ನೋಡಿದ. ಬೆಳಕು ಇಳಿಯುತ್ತಿತ್ತು. ಅವನು ಒಂದು ಕೂಕುಳು ಹಾಕಿದ್ದರೆ ಮುಗಿಯುತ್ತಿತ್ತು. ಕೈ ಬಾಯಿಯ ಹತ್ತಿರ ಹೋದದ್ದನ್ನು ನಾನು ಕಂಡೆ. ಹೋದ ಕೈ ಮೀಸೆ ಒರೆಸಿಕೊಂಡು ಕೆಳಗಿಳಿಯಿತು.

ನಾವು ನಿಂತದ್ದು ಎಲ್ಲಿ ಎಂಬುದನ್ನು ಮುಂದೆ ನಾನು ಹಲವು ಸಲ ನಡೆದು ಗೊತ್ತುಮಾಡಿಕೊಂಡೆ. ನಮ್ಮ ಮನೆಯ ನೇರ ನೆತ್ತಿಗೆ. ಅಡುಗೆಮನೆಯಲ್ಲಿದ್ದ ಅವ್ವನಿಗೆ ಸೋಮಯ್ಯನವರ ಕೆಮ್ಮು ಕೇಳಿಸುತ್ತಿತ್ತಂತೆ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಮತ್ತೆ ಎಡಕ್ಕೆ. ಅವಳಿಗೆ ಎಲ್ಲವೂ ಅರ್ಥವಾಗಿತ್ತು. ಆದರೆ ಮನೆ ತಾನಾಗಿ ಕೂಕುಳು ಹಾಕುವಂತಿಲ್ಲ. ಹಾಕಿದರೆ ಗಂಡ ದಾರಿ ತಪ್ಪಿದನೆಂದು ಹೆಂಡತಿಯೇ ಸಾರಿದಂತೆ. ಅವಳು ಕಡುಬಿನ ಪಾತ್ರೆಯನ್ನು ಒಲೆಯಿಂದ ಇಳಿಸುವುದು, ಏರಿಸುವುದು ಮಾಡುತ್ತಿದ್ದಳು.

ಆಗ ಕೆಳಗಿನಿಂದ ಒಂದು ದನಿ ಬಂತು. ಹೆಣ್ಣಿನ ದನಿ, ನೀಳವಾಗಿ, ತಡೆಯಿಲ್ಲದೆ.

ಅಪ್ಪ ಬೆಚ್ಚಿ ನಿಂತ. "ನಾವ್ ಕರ್ದಿಲ್ಲೆ. ಕರೀದೆ ಬಂದದ್ದ್ ಕುಲೆ. ಅತ್ತ ಹೋಬಾರ್ದ್."

ಸೋಮಯ್ಯನವರು ಮೂಗು ಎತ್ತಿ ಗಾಳಿ ಎಳೆದರು. ಇಷ್ಟು ಹೊತ್ತು ಕಾಪಾಡಿಕೊಂಡು ಬಂದ ಸಭ್ಯತೆ ಹಸಿವಿನ ಮುಂದೆ ಸಡಿಲಿತು. "ಕುಲೆ ಕೋಳಿ ಸಾರ್ ಮಾಡ್ದಾ ಬೆಳ್ಯಪ್ಪಣ್ಣ? ನಂಗೆ ವಾಸನೆ ಬಾದುಟ್ಟಲ್ಲಾ!"

ಆ ದನಿ ಮತ್ತೆ ಬಂತು. ಈ ಸಲ ಮಾತಿನ ಸಮೇತ: "ಅಪ್ಪಾ, ಕಡುಬು ತಣಿತುಟ್ಟು!"

ಅದು ಪೂವಿ. ನೆಂಟರ ಮುಂದೆ ಗಟ್ಟಿಯಾಗಿ ಉಸಿರೂ ಆಡಬಾರದ ಮದುವೆಯ ಹುಡುಗಿ, ಇಡೀ ಏಣಿಗೆ ಕೇಳುವಂತೆ ಕೂಗಿದ್ದಳು. ನಾವು ಕೂಗಿನ ಜಾಡು ಹಿಡಿದು ಇಳಿದೆವು. ಎಲೆಯಡಿಕೆ ಹಾಕಿ ಮುಗಿಸುವಷ್ಟರಲ್ಲಿ ನಮ್ಮದೇ ಬಚ್ಚಲ ಹಿಂದೆ ಇದ್ದೆವು. ಮಗಳಿಗೆ ಓಗೊಡಲು ಅಪ್ಪನ ಬಾಯಿ ಒಮ್ಮೆಯೂ ತೆರೆಯಲಿಲ್ಲ. ಅವಳು ಮಾತ್ರ ನಾವು ಅಂಗಳಕ್ಕೆ ಕಾಲಿಡುವವರೆಗೆ ನಿಲ್ಲಿಸಲಿಲ್ಲ.

ಊಟಕ್ಕೆ ಕುಳಿತಾಗ ಅವ್ವ ಸೋಮಯ್ಯನವರ ಮೊಣಕಾಲಿಗೆ ಬಿಸಿ ಎಣ್ಣೆ ಕೊಟ್ಟಳು. ಅವರು ಎರಡನೆಯ ಸಲ ಸಾರು ಹಾಕಿಸಿಕೊಂಡು ಕೇಳಿದರು: "ಆ ಕೂಕುಳ್ ಹಾಕಿದ್ದ್ ಯಾರ್?"

"ಅದಾ? ಗದ್ದೆಗೆ ಬರುವ ಹೆಣ್ಣಾಳ್" ಎಂದಳು ಅವ್ವ.

ಬಾಗಿಲ ಮರೆಯಿಂದ ಪೂವಿ, "ಅಲ್ಲ, ನಾನೇ" ಎಂದಳು.

ಅಪ್ಪ ತಟ್ಟೆಯ ಮೇಲಿನ ಕಣ್ಣು ಎತ್ತಲಿಲ್ಲ. ಕುಶಾಲಪ್ಪ ತನ್ನ ಕಾಲಿನ ಮೇಲಿನ ಜಿಗಣೆಯ ಗಾಯವನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದ. ಅವನು ನಗು ತಡೆಯುತ್ತಿದ್ದನೋ ಅಸಹ್ಯ ತಡೆಯುತ್ತಿದ್ದನೋ ನನಗೆ ತಿಳಿಯಲಿಲ್ಲ.

ಮರುದಿನ ಅವರು ಹೊರಟದ್ದು ಕೊಲ್ಲಿದಾರಿಯಲ್ಲಿ. ಅಪ್ಪ ಕಳಿಸಿಬರಲು ಎದ್ದಾಗ ಸೋಮಯ್ಯನವರು, "ಬೇಡ ಬೇಡ, ನೀವ್ ಕೂತ್ಕಣಿ. ದನದ ದಾರಿಯಲ್ಲಾ" ಎಂದರು. ಚುಚ್ಚಬೇಕೆಂದು ಆಡಿದ್ದಲ್ಲ, ಆದರೂ ಚುಚ್ಚಿತು. ಅಂಗಳ ದಾಟುವಾಗ, "ಹುತ್ತರಿ ಕಳಿಯಲಿ, ಹೇಳಿ ಕಳಿಸ್ತೇವೆ" ಎಂದರು. ನಮ್ಮಲ್ಲಿ ಒಲ್ಲೆ ಎನ್ನುವುದಕ್ಕೆ ಬಳಸುವ ಮಾತೇ ಅದು. ಪೂವಿ ಆ ದಿನವಿಡೀ ಕೊಟ್ಟಿಗೆ ತೊಳೆದಳು, ತೊಳೆದ ಕೊಟ್ಟಿಗೆಯನ್ನೇ ಮತ್ತೆ ತೊಳೆದಳು.

ಅಲ್ಲಿಂದ ಹುತ್ತರಿಯವರೆಗಿನ ವಾರಗಳನ್ನು ನಾನು ಬರೆಯಲು ಹೊರಟಾಗಲೆಲ್ಲ ಹವಾಮಾನದ ಬಗ್ಗೆ ಬರೆದುಬಿಡುತ್ತೇನೆ. ಹವೆ ಚೆನ್ನಾಗಿತ್ತು. ಮಂಜು ಮತ್ತೆ ಬರಲಿಲ್ಲ. ಗದ್ದೆ ಹಳದಿ ತಿರುಗಿತು. ಗಾಳಿಮೊಟ್ಟೆಯ ಒಂದೊಂದು ಹುಲ್ಲೂ ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಅದನ್ನು ನೋಡುವುದೇ ಕಷ್ಟವಾಗಿತ್ತು. ಅಪ್ಪ ಬೂಟನ್ನು ಅಟ್ಟಕ್ಕೆ ಹಾಕಿದ. ದೊರೆ ಗುಡ್ಡಕ್ಕೆ ಹೋಗಲು ಹೇಳಿಕಳಿಸಿದಾಗ ಜ್ವರವೆಂದು ಮಲಗಿದ. ಕರೆಯಲು ಬಂದ ದೊರೆಯ ಬಂಗಲೆಯ ಆಳು ಒಳಗೆ ಬಂದು ನೋಡಿಯಾನೆಂದು ನಾನೇ ಕಂಬಳಿ ಹೊದಿಸಿದೆ.

ಊರಿಗೆ ಸುದ್ದಿ ತಿಳಿಯದೆ ಇರಲಿಲ್ಲ. ಪೂವಿಯ ಕೂಗನ್ನು ಕೇಳದ ಮನೆಯೇ ಇರಲಿಲ್ಲ. ಕಟ್ಟೆಯ ಮೇಲೆ ತಿಮ್ಮಯ್ಯ ಮಾವ ಕಾಲು ನೀಡಿ ಕುಳಿತು, "ಕಾಲಿಗೆ ದಾರಿ ಗೊತ್ತುಟ್ಟು, ಬೂಟಿಗೆ ಎಂಥ ಗೊತ್ತುಟ್ಟು? ಅದ್ ಸೀಮೆಯಿಂದ ಬಂದದ್ದ್" ಎಂದ. ಮಾತು ಗೇಲಿಯದಾದರೂ ಅದರಲ್ಲಿ ನಿಜವಿತ್ತು. ಮಂಜಿನಲ್ಲಿ ಅಪ್ಪ ದಾರಿ ಕಾಣುತ್ತಿದ್ದದ್ದು ಕಣ್ಣಿನಿಂದಲ್ಲ, ಅಂಗಾಲಿನಿಂದ. ತುಳಿದು ಸವೆದ ನೆಲಕ್ಕೂ ತುಳಿಯದ ನೆಲಕ್ಕೂ ಇರುವ ವ್ಯತ್ಯಾಸವನ್ನು ಮೊಳೆ ಹೊಡೆದ ಅಟ್ಟೆ ಅವನಿಂದ ಮುಚ್ಚಿಟ್ಟಿತ್ತು.

ಆಮೇಲೆ ಎದ್ದದ್ದು ಗೊನೆಯ ಪ್ರಶ್ನೆ. ದಾರಿ ತಪ್ಪಿದವನು ಕೂಕುಳು ಹಾಕಲೇ ಇಲ್ಲ. ಹಾಕಿದ್ದು ಮನೆ. ಓಗೊಟ್ಟ ಮನೆಗೆ ಗೊನೆ ಸಲ್ಲಬೇಕೆಂದರೆ, ಅಪ್ಪ ತನ್ನದೇ ಮನೆಗೆ ಗೊನೆ ಹೊರಬೇಕು. ಇಂಥದ್ದು ಹಿಂದೆ ಆದದ್ದಿಲ್ಲ. ತಿಮ್ಮಯ್ಯ ಮಾವ ನ್ಯಾಯ ಹೇಳಿದ: "ಕರ್ದವ ಕಳ್ದವ ಅಲ್ಲಾ? ಕರ್ದದ್ದ್ ಮನೆ. ಹಂಗಾರೆ ಕಳ್ದ್ ಹೋದ್ದ್ ಮನೆ! ಬೆಳ್ಯಪ್ಪ ಅದ್ನ ಹುಡ್ಕಿ ತಂದದ್ದ್. ಮನೆಯೇ ಬೆಳ್ಯಪ್ಪಂಗೆ ಗೊನೆ ಕೊಡೆಕ್!"

ಕಟ್ಟೆಯ ತುಂಬ ನಗು. ಅಪ್ಪನೂ ನಕ್ಕ, ಎಲ್ಲರಿಗಿಂತ ಜೋರಾಗಿ, ಎಲ್ಲರೂ ನಿಲ್ಲಿಸಿದ ಮೇಲೂ. ಬಿಟ್ಟುಹೋಗಲು ಒಂದು ಕಿಂಡಿ ಸಿಕ್ಕಿತೆಂಬ ಬಿಡುಗಡೆ ಆ ನಗುವಿನಲ್ಲಿತ್ತು. ಗುಡ್ಡದ ಮೇಲೆ ಕೂಕುಳು ಹಾಕದ ಅಪ್ಪನಿಗಾಗಿ ನನಗೆ ಅಷ್ಟು ನಾಚಿಕೆಯಾಗಿರಲಿಲ್ಲ. ಕಟ್ಟೆಯ ಮೇಲೆ ನಕ್ಕ ಅಪ್ಪನಿಗಾಗಿ ಆಯಿತು. ನಾನು ಎದ್ದು ಮನೆಗೆ ಬಂದೆ.

ಹುತ್ತರಿಯ ಹಿಂದಿನ ದಿನ ಅವ್ವ ಅಪ್ಪನ ತಟ್ಟೆಗೆ ಗಂಜಿ ಬಡಿಸುತ್ತ, ಬೇರೇನೋ ಹೇಳುವವಳಂತೆ ಹೇಳಿದಳು: "ಗೊನೆ ನಮ್ಮ ತೋಟದ್ ಆಗದ್. ಹೊರಗಿಂದ ಬರೆಕ್."

ಅಷ್ಟೇ. ಅಪ್ಪ ಗಂಜಿ ಕುಡಿದ.

ಮರುದಿನ ಬೆಳಗ್ಗೆ ಅವನು ಮನೆಯಲ್ಲಿರಲಿಲ್ಲ. ಬೂಟು ಅಟ್ಟದಲ್ಲೇ ಇತ್ತು. ಹೊಸ ಕದಿರು ತರಲು ಊರವರೆಲ್ಲ ಗದ್ದೆಗೆ ಇಳಿಯುವ ಮೊದಲು, ಮಧ್ಯಾಹ್ನದ ಬಿಸಿಲು ಇಳಿಯತೊಡಗಿದ ಹೊತ್ತಿಗೆ, ದಾರಿಯ ಕಡೆಯಿಂದ ಗಲಾಟೆ ಕೇಳಿಸಿತು. ತಿಮ್ಮಯ್ಯ ಮಾವನ ಗಂಟಲು ಎಲ್ಲಕ್ಕಿಂತ ಮೇಲೆ: "ಬನ್ನಿ ಬನ್ನಿ, ಮನೆ ಹುಡ್ಕಿಕೆ ಹೋದವ ಬಂದ!" ಅಪ್ಪ ಎಲ್ಲ ಮನೆಗಳ ಮುಂದಿನ ದಾರಿ ಸುತ್ತಿ, ಬರಿಗಾಲಿನಲ್ಲಿ, ಹೆಗಲ ಮೇಲೆ ಮರಬಾಳೆಯ ದೊಡ್ಡ ಗೊನೆ ಹೊತ್ತು ಬರುತ್ತಿದ್ದ. (ಅದು ಕದಳಿ ಎನ್ನುತ್ತಾಳೆ ಪೂವಿ. ನಾನು ಒಪ್ಪಿಲ್ಲ.) ಅವನ ಕುತ್ತಿಗೆಯ ನರ ಉಬ್ಬಿತ್ತು. ನೋಡಲು ನಿಂತವರ ಯಾರ ಮುಖವನ್ನೂ ಅವನು ನೋಡಲಿಲ್ಲ.

ಅವನ ಹಿಂದೆ ಇನ್ನೂ ಇಬ್ಬರಿದ್ದರು. ಸೋಮಯ್ಯನವರು, ಕುಂಟುತ್ತ, ಕುಶಾಲಪ್ಪ, ಬೆವರುತ್ತ. ಇಬ್ಬರ ಹೆಗಲ ಮೇಲೂ ಒಂದೊಂದು ಗೊನೆ. ಘಟ್ಟದ ಕೆಳಗಿನಿಂದ ಹೊತ್ತು ತಂದದ್ದು. ಗೊನೆ ಕೊಳ್ಳಲು ಹೋದ ಅಪ್ಪನಿಗೆ ಘಟ್ಟದ ತಲೆಯಲ್ಲಿ ಎದುರಾಗಿದ್ದರಂತೆ.

"ನಾವೂ ಕಳ್ದವೇ ಅಲ್ಲಾ? ಕಟ್ಟಳೆ ಬೆಳ್ಯಪ್ಪಣ್ಣನೇ ಹೇಳಿದ್ದ್" ಎಂದು ಸೋಮಯ್ಯನವರು ಅವ್ವನಿಗೆ ಹೇಳಿ ಉಸಿರು ಬಿಟ್ಟರು. ಅವರು ಹೇಳಿ ಕಳಿಸಿರಲಿಲ್ಲ, ತಾವೇ ಬಂದಿದ್ದರು. ಪೂವಿಯ ಸಂಬಂಧ ಮುರಿದಿಲ್ಲವೆಂದು ನಮಗೆ ತಿಳಿದದ್ದು ಹೀಗೆ.

ಅವ್ವ ಪೂವಿಯನ್ನು ಅಂಗಳಕ್ಕೆ ತಳ್ಳಿದಳು. "ಕರ್ದವಳ್ ನೀನ್. ಕೇಳುವವಳೂ ನೀನೇ."

ಪೂವಿ ಸೆರಗು ಸರಿಮಾಡಿಕೊಂಡು ಕೇಳಿದಳು: "ಎಲ್ಲಿ ತಪ್ಪಿತ್?"

ಅಪ್ಪ ಗೊನೆ ಇಳಿಸದೆಯೇ, "ವಾಲಿದ ಕಲ್ಲಿನ ಹತ್ರ. ನನ್ನ ಮನೆ ಮೇಲೆ. ಗೊತ್ತಾದ್ದ್ ಮೂರನೇ ಸಲ" ಎಂದ.

ಪೂವಿ ಸೋಮಯ್ಯನವರ ಕಡೆ ತಿರುಗಿದಳು. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕೆಂಬುದು ಕಟ್ಟಳೆ. ಕಟ್ಟಳೆ ಅವರಿಗೆ ಗೊತ್ತಿತ್ತು. ಅವರು ಬಾಯಿ ಒರೆಸಿಕೊಂಡರು.

"ಅಲ್ಲೇ. ಗೊತ್ತಾದ್ದ್ ಎರಡನೇ ಸಲ. ನನ್ನ ಎಲಡಿಕೆ ಉಗುಳ್ ಅಲ್ಲಿತ್ತ್."

"ನಂಗೂ ಎರಡನೇ ಸಲವೇ" ಎಂದ ಕುಶಾಲಪ್ಪ, ನೆಲ ನೋಡುತ್ತ.

ಅಪ್ಪನ ಮುಖ ನಿಧಾನವಾಗಿ ತಿರುಗಿತು; ಜಗಲಿಯ ಕಂಬಕ್ಕೆ ಒರಗಿ, ನೋಡುವವರ ನಡುವೆ ನಿಂತಿದ್ದ ನನ್ನ ಕಡೆಗೆ. ಗೊನೆ ಹೊರದ ನಾಲ್ಕನೆಯವನ ಕಡೆಗೆ.

"ನಿಂಗೆ, ಮಗ?"

ಅಂಗಳದಲ್ಲಿ ಎಲ್ಲರೂ ಇದ್ದರು.

"ನಂಗೂ" ಎಂದೆ.

ಅಪ್ಪ ಗೊನೆಯನ್ನು ಕೆಳಗಿಳಿಸಿದ. ಒಂದೂ ಕಾಯಿ ಉದುರದ ಹಾಗೆ, ಬಹಳ ಜೋಪಾನವಾಗಿ.

"ಹಂಗಾರೆ ಕಳ್ದದ್ದ್ ನಾ ಒಬ್ಬನೇ" ಎಂದ. "ನೀವೆಲ್ಲ ಗೊತ್ತಿದ್ದೇ ನನ್ನ ಹಿಂದೆ ಬಂದದ್ದ್."

ಪೂವಿ ಗೊನೆಯಿಂದ ಮೊದಲ ಹಣ್ಣು ಕಿತ್ತು ಅವನ ಕೈಗಿಟ್ಟಳು, ಅದೂ ಕಟ್ಟಳೆಯೇ. ಅವನು ಅಂಗಳದಲ್ಲೇ ನಿಂತು ಅದನ್ನು ಸುಲಿದು ತಿಂದ. ತಿಂದು ಮುಗಿಸುವವರೆಗೆ ಯಾರೂ ಅಲುಗಲಿಲ್ಲ.

ಬೇಸಿಗೆಯಲ್ಲಿ ಮದುವೆಯಾಯಿತು. ದಿಬ್ಬಣ ಘಟ್ಟ ಇಳಿದದ್ದು ಕೊಲ್ಲಿದಾರಿಯಲ್ಲಿ. ಮುಂದೆ ನಡೆಯಲು ಎಲ್ಲರೂ ಅಪ್ಪನಿಗೆ ಜಾಗ ಬಿಟ್ಟರು. ಅವನು ಬೂಟಿನ ದಾರ ಕಟ್ಟುವವನಂತೆ ಬರಿಗಾಲಿಗೆ ಬಗ್ಗಿ ಕುಳಿತು, ಎಲ್ಲರೂ ಮುಂದೆ ಹೋಗುವವರೆಗೆ ಕಾದು, ಕೊನೆಯಲ್ಲಿ ಬಂದ. ಆಮೇಲೆ ಅವನು ಯಾರ ಮುಂದೆಯೂ ನಡೆಯಲಿಲ್ಲ. ನಾವು ಇಬ್ಬರೇ ಗದ್ದೆಗೆ ಹೋಗುವಾಗಲೂ, ಅವನೇ ತುಳಿದು ಸವೆಸಿದ ಕವಲುಗಳಲ್ಲಿ ನಿಂತು, "ಸರಿ ಉಟ್ಟಾ?" ಎಂದು ಕೇಳುತ್ತಿದ್ದ. "ಸರಿ ಉಟ್ಟು ಅಪ್ಪ" ಎಂದು ನಾನು ಪ್ರತಿ ಸಲವೂ ತಕ್ಷಣ ಹೇಳುತ್ತಿದ್ದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿ, ಆಮೇಲೆ ಹೆಜ್ಜೆ ಇಡುತ್ತಿದ್ದ. ಅವನು ಸಾಯುವವರೆಗೆ ಹಾಗೆಯೇ ನಡೆಯಿತು.

ಕಲ್ಲು ಎಷ್ಟು ಸಲ ಎದುರಾಯಿತೆಂಬುದರಲ್ಲಿ ಈಗಲೂ ಒಮ್ಮತವಿಲ್ಲ. ಅಲ್ಲಿರದ ಪೂವಿ ನಾಲ್ಕು ಎನ್ನುತ್ತಾಳೆ; ಕೆಮ್ಮಿನ ಲೆಕ್ಕವಂತೆ. ಕುಶಾಲಪ್ಪ ಭಾವ ಕೊನೆಯವರೆಗೂ ಮೂರು ಎನ್ನುತ್ತಿದ್ದರು. ನಾನೂ ಅಪ್ಪ ಅಂಗಳದಲ್ಲಿ ಹೇಳಿದ ಮೂರನ್ನೇ ಉಳಿಸಿಕೊಂಡಿದ್ದೇನೆ.

ಕಳೆದ ವರ್ಷ ಜೀಪಿನಲ್ಲಿ ಹೋದಾಗ ಆ ಕಲ್ಲು ನನಗೆ ಕಾಣಿಸಿತು. ರಸ್ತೆ ಅದರ ಪಕ್ಕದಲ್ಲೇ ಹೋಗುತ್ತದೆ. ಮುದುಕಿ ಇನ್ನೂ ಒಲೆ ಊದುತ್ತಲೇ ಇದ್ದಾಳೆ. ಹಾರನ್ ಹಾಕುತ್ತ, ಮೇಲಿನ ಹಾರನ್ ಕೇಳುತ್ತ ಮುಂದೆ ಹೋದೆವು. ಸ್ವಲ್ಪ ಹೊತ್ತಿಗೆ ಮಂಜಿನೊಳಗಿಂದ ಅದೇ ಕಲ್ಲು ಮತ್ತೆ ಬಂತು. ನನಗೆ ತಡೆಯಲಾಗಲಿಲ್ಲ. ಚಾಲಕನ ಹೆಗಲು ಹಿಡಿದು, ಅಗತ್ಯಕ್ಕಿಂತ ಬಹಳ ಗಟ್ಟಿಯಾಗಿ ಹೇಳಿಬಿಟ್ಟೆ:

"ನಿಲ್ಲಿಸಪ್ಪ! ದಾರಿ ತಪ್ಪಿದೆ. ಈ ಕಲ್ಲನ್ನು ಆಗಲೇ ದಾಟಿದ್ದೇವೆ!"

ಅವನು ಹೆದರಿ ಬ್ರೇಕ್ ಒತ್ತಿದ. ಆಮೇಲೆ ನನ್ನ ಮುಖ ನೋಡಿ ನಕ್ಕ.

"ತಪ್ಪಿಲ್ಲ ಸಾರ್. ರಸ್ತೆ ಕಡ್ದಿರೋದೇ ಸುತ್ತಿ ಸುತ್ತಿ. ಇನ್ನೂ ಒಂದ್ ಸಲ ಬರ್ತದೆ ಅದು."